ಜಿಂಕೆ ಓಡಿತೆಂದು ಹಿಂದೆ ಓಡಬೇಡಿ

ಮಿಶಿಗನ್‌ನಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲುಬೇಟೆಯ ಸೀಸನ್ ಶುರುವಾಗುತ್ತದೆ. ಅದಕ್ಕೆ ಒಂದು ತಿಂಗಳು ಮೊದಲೇ ನನಗೆ ಪ್ರಶ್ನೆಗಳ ಸೀಸನ್ ಶುರು. ಪ್ರತಿವರ್ಷ ಅವೇ ಪ್ರಶ್ನೆಗಳು, ಕೇಳುವವರು ಮಾತ್ರ ಬೇರೆ. ಒಬ್ಬೊಬ್ಬರಿಗೂ ಉತ್ತರ ಬರೆದು ಸಾಕಾಗಿದೆ, ಹಾಗಾಗಿ ಈ ಸಲ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ಬಿಲ್ಲು ಹಿಡಿಯುವುದು ಹೇಗೆ, ಲೈಸೆನ್ಸ್ ಎಲ್ಲಿ ಸಿಗುತ್ತದೆ ಎಂಬ ವಿಷಯಕ್ಕೆ ನಾನು ಹೋಗುವುದಿಲ್ಲ. 1960ರಿಂದ ಈಚೆಗೆ ಹುಟ್ಟಿದವರು ಇಲ್ಲಿ ಹಂಟರ್ ಸೇಫ್ಟಿ ತರಗತಿ ಮಾಡಬೇಕು, ಅದನ್ನೆಲ್ಲ ಅಲ್ಲೇ ಹೇಳಿಕೊಡುತ್ತಾರೆ. ಗಾಲಿ ಇರುವ ಕಾಂಪೌಂಡ್ ಬಿಲ್ಲಿನವರು ದಯವಿಟ್ಟು ಬೇರೆ ಯಾರನ್ನಾದರೂ ಕೇಳಿ. ನನಗೆ ಗೊತ್ತಿರುವುದು ಗಾಲಿಯಿಲ್ಲದ ಸಾದಾ ಬಿಲ್ಲುಗಳು: ತುದಿ ಮುಂದಕ್ಕೆ ಬಾಗಿದ ರಿಕರ್ವ್ ಮತ್ತು ಉದ್ದನೆಯ ಲಾಂಗ್‌ಬೋ.

ಪ್ರಶ್ನೆ: ಕಾಫಿ ತೋಟಕ್ಕೆ ಕಾಡುಹಂದಿ ಕಾಟ ವಿಪರೀತವಾಗಿದೆ. ಕೋವಿ ಸದ್ದು ಬೇಡ ಅಂತ ಆನ್‌ಲೈನಲ್ಲಿ ರಿಕರ್ವ್ ಬಿಲ್ಲು ತರಿಸಿದ್ದೇನೆ. ಹಂದಿಗೆ ಯಾವ ಬಾಣ ಒಳ್ಳೆಯದು? (ಸಕಲೇಶಪುರ)

ಯಾವುದೂ ಒಳ್ಳೆಯದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯ ಪ್ರಯತ್ನವನ್ನೂ ಬೇಟೆ ಎಂದೇ ಎಣಿಸುತ್ತಾರೆ. ಸದ್ದು ಬರದಿದ್ದರೆ ಅಪರಾಧ ಆಗುವುದಿಲ್ಲ ಅಂತ ನಿಮಗೆ ಹೇಳಿದವರು ಯಾರೋ! ಹಂದಿಯ ವಿಷಯಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಬಿಲ್ಲಿನಲ್ಲಿ ಫೋಮ್ ಟಾರ್ಗೆಟ್‌ಗೆ ಹೊಡೆಯಿರಿ.

ಪ್ರಶ್ನೆ: ಲಾಂಗ್‌ಬೋ ಅಂದರೆ ಇಂಗ್ಲೆಂಡ್ ಅಲ್ಲವೇ? ಇಲ್ಲಿ ಜಿಂಕೆ ಬೇಟೆಗೆ ಯಾವ ಕಡೆ ಹೋಗಬೇಕು? (ಲಂಡನ್)

ವಿಮಾನ ನಿಲ್ದಾಣದ ಕಡೆ. ಬ್ರಿಟನ್‌ನಲ್ಲಿ ಬಿಲ್ಲಿನಿಂದ ಬೇಟೆಯಾಡುವುದು ನಿಷಿದ್ಧ. ಪಕ್ಕದಲ್ಲಿದೆ ಅಂತ ಜರ್ಮನಿಗೂ ಹೋಗಬೇಡಿ, ಅಲ್ಲಿಯೂ ಜಿಂಕೆಗೆ ಬಾಣ ಬಿಡುವಂತಿಲ್ಲ.

ಪ್ರಶ್ನೆ: ಕಳೆದ ನವೆಂಬರ್‌ನಲ್ಲಿ ಸಂಜೆ ಹೊತ್ತು 20 ಗಜ ದೂರದಿಂದ ಒಂದು ಹೆಣ್ಣು ಜಿಂಕೆಗೆ ಬಾಣ ಬಿಟ್ಟೆ, ತಗುಲಿತು. ಅದು ಒಮ್ಮೆ ನೆಗೆದು, ಬೆನ್ನು ಗೂನು ಮಾಡಿಕೊಂಡು ಮೆಲ್ಲಗೆ ನಡೆದುಹೋಯಿತು. ನಾನು ಕೂಡಲೇ ಮರದಿಂದ ಇಳಿದು ಟಾರ್ಚ್ ಹಿಡಿದು ಹಿಂದೆ ಹೋದೆ. ಪೊದೆಯಿಂದ ಏನೋ ಎದ್ದು ಓಡಿದ ಸದ್ದಾಯಿತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ನನ್ನದು 45 ಪೌಂಡ್ ಎಳೆತದ ರಿಕರ್ವ್. ಪವರ್ ಸಾಲಲಿಲ್ಲ ಅನಿಸುತ್ತದೆ, 60 ಪೌಂಡಿನದು ತೆಗೆದುಕೊಳ್ಳಲೇ? (ಗ್ರಾಂಡ್ ರ‍್ಯಾಪಿಡ್ಸ್)

ಇಡೀ ಅಂಕಣ ಬರೆಯುತ್ತಿರುವುದೇ ಈ ಪ್ರಶ್ನೆಗಾಗಿ. ಪೌಂಡಿನ ವಿಷಯ ಸ್ವಲ್ಪ ಬದಿಗಿಡಿ. ಆ ಜಿಂಕೆ ನಿಮಗೆ ಎಲ್ಲವನ್ನೂ ಹೇಳಿಯೇ ಹೋಗಿದೆ, ನೀವು ಕೇಳಿಸಿಕೊಳ್ಳಲಿಲ್ಲ.

ಗುಂಡಿಗೆ ಇರುವ ಹೊಡೆತ ಬಾಣಕ್ಕೆ ಇಲ್ಲ. ಬಾಣ ಕೊಲ್ಲುವುದು ರಕ್ತಸ್ರಾವದಿಂದ, ಅಥವಾ ಎರಡೂ ಶ್ವಾಸಕೋಶಗಳಿಗೆ ತೂತು ಬಿದ್ದು ಉಸಿರು ನಿಲ್ಲುವುದರಿಂದ. ಹಾಗಾಗಿ ಸರಿಯಾದ ಜಾಗಕ್ಕೆ ತಗುಲಿದ ಜಿಂಕೆಯೂ ಓಡುತ್ತದೆ. ಶ್ವಾಸಕೋಶಕ್ಕೆ ಬಿದ್ದರೆ ಮೈ ತಗ್ಗಿಸಿ, ದಿಕ್ಕು ನೋಡದೆ ರಭಸದಿಂದ ಓಡುತ್ತದೆ, ಸಾಮಾನ್ಯವಾಗಿ ನೂರಿನ್ನೂರು ಗಜದೊಳಗೆ ಕುಸಿಯುತ್ತದೆ. ಬೆನ್ನು ಗೂನು ಮಾಡಿ ಮೆಲ್ಲಗೆ ನಡೆಯಿತು ಎಂದರೆ ಬಾಣ ಹಿಂದೆ ಬಿದ್ದಿದೆ, ಹೊಟ್ಟೆಗೋ ಕರುಳಿಗೋ. ಅಂಥ ಜಿಂಕೆಯೂ ಉಳಿಯುವುದಿಲ್ಲ, ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಯಾರೂ ಬೆನ್ನಟ್ಟದಿದ್ದರೆ ಹತ್ತಿರದಲ್ಲೇ ಎಲ್ಲಾದರೂ ದಟ್ಟ ಪೊದೆ ನೋಡಿ ಮಲಗುತ್ತದೆ, ಹೆಚ್ಚಾಗಿ ನೀರಿನ ಆಸುಪಾಸಿನಲ್ಲಿ. ಮಲಗಿದ್ದನ್ನು ನೀವು ಎಬ್ಬಿಸಿದಿರಿ. ಎಬ್ಬಿಸಿದ ಜಿಂಕೆ ಮೈಲಿಗಟ್ಟಲೆ ಹೋಗಬಲ್ಲದು, ಅದೂ ನೆಲಕ್ಕೆ ಒಂದು ಹನಿ ರಕ್ತ ಬೀಳಿಸದೆ, ಯಾಕೆಂದರೆ ಹೊಟ್ಟೆಯ ಗಾಯವನ್ನು ಒಳಗಿನ ಕರುಳೇ ಮುಚ್ಚಿಬಿಡುತ್ತದೆ.

ಬಾಣ ಬಿಟ್ಟ ಮೇಲೆ ಮಾಡಬೇಕಾದ ಮೊದಲ ಕೆಲಸ ಕೂತಲ್ಲೇ ಕೂತಿರುವುದು. ಜಿಂಕೆ ನಿಂತಿದ್ದದ್ದು ಯಾವ ಮರದ ಪಕ್ಕ, ಕೊನೆಗೆ ಕಣ್ಣಿಗೆ ಬಿದ್ದದ್ದು ಎಲ್ಲಿ, ಎರಡನ್ನೂ ಗುರುತಿಟ್ಟುಕೊಳ್ಳಿ. ಮೇಲಿನಿಂದ ಕಂಡ ಜಾಗ ಕೆಳಗಿಳಿದರೆ ಗೊತ್ತೇ ಆಗುವುದಿಲ್ಲ, ಅದಕ್ಕೇ ಇಳಿಯುವ ಮೊದಲು ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅರ್ಧ ಗಂಟೆ ಕಳೆದ ಮೇಲೆ ಸದ್ದಿಲ್ಲದೆ ಇಳಿದು ಬಾಣವನ್ನಷ್ಟೇ ಹುಡುಕಿ. ಬಾಣ ಸಿಕ್ಕರೆ ಅರ್ಧ ಕೆಲಸ ಆದಂತೆ. ಗರಿಗೆ ಮೆತ್ತಿದ ರಕ್ತ ತಿಳಿಗೆಂಪಾಗಿ, ಸಣ್ಣ ಸಣ್ಣ ಗುಳ್ಳೆಗಳೊಂದಿಗೆ ನೊರೆನೊರೆಯಾಗಿದ್ದರೆ ಶ್ವಾಸಕೋಶ, ಧೈರ್ಯವಾಗಿ ಜಾಡು ಹಿಡಿಯಿರಿ. ಕಡುಗೆಂಪಾಗಿ, ಹೆಚ್ಚೂಕಡಿಮೆ ಕಂದು ಬಣ್ಣಕ್ಕಿದ್ದರೆ ಲಿವರ್, ನಾಲ್ಕರಿಂದ ಆರು ಗಂಟೆ ಕಾಯಬೇಕು. ಬಾಣವನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಹಸಿರು ಲೋಳೆ ಇದೆ, ಗಬ್ಬು ನಾತ ಹೊಡೆಯುತ್ತಿದೆ ಎಂದಾದರೆ ಕರುಳು. ಆಗ ಬಂದ ದಾರಿಯಲ್ಲೇ ವಾಪಸ್ ಹೋಗಿ, ಎಂಟರಿಂದ ಹನ್ನೆರಡು ಗಂಟೆ ಆ ಕಡೆ ತಲೆ ಹಾಕಬೇಡಿ. ಸಂಜೆಯ ಹೊಡೆತವಾದರೆ ಮರುದಿನ ಬೆಳಗ್ಗೆಯೇ.

“ರಾತ್ರಿ ಕಯೋಟಿ (ಇಲ್ಲಿಯ ನರಿಯಂಥ ಕಾಡುಪ್ರಾಣಿ) ತಿಂದುಬಿಟ್ಟರೆ?” ಎಂದು ಇದೇ ಓದುಗರು ಆಮೇಲೆ ಇನ್ನೊಂದು ಸಾಲು ಬರೆದಿದ್ದಾರೆ. ತಿನ್ನಬಹುದು. ಸೆಖೆ ಇದ್ದರೆ ಮಾಂಸ ಕೆಡಲೂಬಹುದು. ಆ ನಷ್ಟ ನಿಮ್ಮ ಬಾಣ ಹಿಂದೆ ಬಿದ್ದಾಗಲೇ ಆಗಿದೆ, ಟಾರ್ಚ್ ಹಿಡಿದು ಓಡಿದರೆ ತಪ್ಪುವುದಿಲ್ಲ. ನಿಜವಾಗಿ ಹೆದರಬೇಕಾದ್ದು ಮಳೆಗೆ. ಒಂದು ಜೋರು ಮಳೆಗೆ ಜಾಡೆಲ್ಲ ತೊಳೆದುಹೋಗುತ್ತದೆ. ಸಂಜೆಯ ಮೇಲೆ ಮಳೆ ಎಂದು ಹವಾಮಾನದವರು ಹೇಳಿದ್ದರೆ ನಾನು ಬಿಲ್ಲು ಹೊರಗೆ ತೆಗೆಯುವುದೇ ಇಲ್ಲ. ಜೊತೆಯವರು ಪುಕ್ಕಲ ಅನ್ನುತ್ತಾರೆ, ಅನ್ನಲಿ.

ಜಾಡು ಹಿಡಿಯುವಾಗ ಜಾಡಿನ ಮೇಲೆ ಕಾಲಿಡದೆ ಪಕ್ಕದಲ್ಲಿ ನಡೆಯಿರಿ. ಪ್ರತಿ ಹನಿಯ ಹತ್ತಿರ ಟಾಯ್ಲೆಟ್ ಪೇಪರ್‌ನ ಚೂರು ಇಡುತ್ತಾ ಹೋಗಿ, ಜಾಡು ತಪ್ಪಿದಾಗ ಹಿಂತಿರುಗಿ ನೋಡಿದರೆ ಅದು ಯಾವ ಕಡೆ ಎಳೆಯುತ್ತಿದೆ ಎಂದು ಚೂರುಗಳ ಸಾಲೇ ತೋರಿಸುತ್ತದೆ. ಕೆಂಪು ಎಲೆಗಳ ಕಾಲದಲ್ಲಿ ಅದು ರಕ್ತವೋ ಮೇಪಲ್ ಎಲೆಯ ಚುಕ್ಕೆಯೋ ಎಂಬ ಅನುಮಾನ ಬಂದರೆ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಹಾಕಿ, ರಕ್ತವಾದರೆ ನೊರೆ ಬರುತ್ತದೆ. ಹಸಿರು ಬಾಣ ಸಿಕ್ಕವರು ಐದಾರು ಗೆಳೆಯರನ್ನು ಕರೆದು ಕಾಡು ತುಳಿಸುವ ಬದಲು ಜಾಡು ಹಿಡಿಯುವ ನಾಯಿ ಇಟ್ಟುಕೊಂಡವರಿಗೆ ಫೋನ್ ಮಾಡಿ. ಹಗ್ಗ ಕಟ್ಟಿದ ನಾಯಿಗೆ ಮಿಶಿಗನ್‌ನಲ್ಲಿ ಅನುಮತಿ ಇದೆ. ಜನ ತುಳಿದ ಮೇಲೆ ಕರೆದರೆ ನಾಯಿಗೂ ಕಷ್ಟ.

ಇನ್ನು ಆ 20 ಗಜ. 45 ಪೌಂಡ್ ರಿಕರ್ವ್‌ನಿಂದ ಹೊರಟ ಬಾಣ ಸೆಕೆಂಡಿಗೆ ಸುಮಾರು 170 ಅಡಿ ಹೋಗುತ್ತದೆ. 20 ಗಜ ಎಂದರೆ 60 ಅಡಿ, ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಒಂದಿಷ್ಟು ಹೆಚ್ಚು. ಹೆದೆಯ ಸದ್ದು ಸೆಕೆಂಡಿಗೆ ಸಾವಿರದ ನೂರು ಅಡಿಗಿಂತ ವೇಗವಾಗಿ ಹೋಗಿ ಅದಕ್ಕೆ ಬಹಳ ಮೊದಲೇ ಜಿಂಕೆಯ ಕಿವಿ ಮುಟ್ಟಿರುತ್ತದೆ. ಎಚ್ಚರವಾಗಿದ್ದ ಬಿಳಿಬಾಲದ ಜಿಂಕೆ ಓಡುವ ಮೊದಲು ಕಾಲು ಮಡಚಿ ಮೈ ತಗ್ಗಿಸಿ ತಿರುಗುತ್ತದೆ, ಅಷ್ಟು ಹೊತ್ತು ಅದಕ್ಕೆ ಧಾರಾಳವಾಯಿತು. ನೀವು ಶ್ವಾಸಕೋಶಕ್ಕೆ ಇಟ್ಟ ಗುರಿ ಬೆನ್ನಿಗೋ ಹೊಟ್ಟೆಗೋ ಬೀಳುವುದು ಹೀಗೆ. ಅದು ತಲೆ ಎತ್ತಿ ನಿಮ್ಮ ಕಡೆ ನೋಡುತ್ತಿತ್ತೇ? ನೀವು ಬರೆದಿಲ್ಲ. ನೋಡುತ್ತಿದ್ದರೆ ಬಾಣ ಬಿಡಲೇಬಾರದಿತ್ತು. ಪೂರ್ತಿ ಅಡ್ಡ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆಗೆ ತಿರುಗಿರಬೇಕು, ಈಚೆ ಬದಿಯ ಮುಂಗಾಲು ಮುಂದೆ ಚಾಚಿರಬೇಕು, ತಲೆ ಮೇವಿನ ಮೇಲಿರಬೇಕು.

ನಿಮ್ಮ ದೂರ ಎಷ್ಟು ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು. ಊಟದ ತಟ್ಟೆಯಷ್ಟು ದೊಡ್ಡ ಪೇಪರ್ ಪ್ಲೇಟ್ ಕಟ್ಟಿ, ಬೆಳಗ್ಗೆ ಎದ್ದು ಮೈ ಬಿಸಿಯಾಗುವ ಮೊದಲು, ಜಾಕೆಟ್ ಹಾಕಿಕೊಂಡು ಒಂದೇ ಒಂದು ಬಾಣ ಬಿಡಿ. ಅದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ವಾರವಿಡೀ ಆ ಮೊದಲ ಬಾಣ ಯಾವ ದೂರದಲ್ಲಿ ಪ್ಲೇಟ್ ತಪ್ಪುವುದಿಲ್ಲವೋ ಅದು ನಿಮ್ಮ ದೂರ. ಹೆಚ್ಚಿನವರಿಗೆ ಅದು 12–15 ಗಜಕ್ಕೆ ಬಂದು ನಿಲ್ಲುತ್ತದೆ. ನಾಚಿಕೆ ಯಾಕೆ?

ಈಗ ಪೌಂಡ್. ಬಿಲ್ಲಿನ ಮೇಲೆ ಬರೆದ 45 ಪೌಂಡ್ 28 ಇಂಚು ಎಳೆದಾಗಿನ ಲೆಕ್ಕ. ಐದೂವರೆ ಅಡಿ ಎತ್ತರದವರು ಎಳೆಯುವುದು 26 ಇಂಚಿನ ಆಸುಪಾಸು. ಇಂಚಿಗೆ ಎರಡು ಮೂರು ಪೌಂಡ್ ಕಳೆದರೆ ನಿಮ್ಮ ಬೆರಳಿಗೆ ಬರುವುದು ನಲವತ್ತೇ. ಅಷ್ಟು ಸಾಕು. ಅನೇಕ ರಾಜ್ಯಗಳು ಜಿಂಕೆಗೆ ಕೇಳುವ ಕನಿಷ್ಠ ಮಿತಿ 35ರಿಂದ 40, ನಿಮ್ಮ ರಾಜ್ಯದ್ದನ್ನು ನೀವೇ ನೋಡಿಕೊಳ್ಳಿ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಒಬ್ಬಂಟಿಯಾಗಿ ಕಾಡಿನಿಂದ ಬಂದ ಯಾಹಿ ಎಂಬ ಮೂಲನಿವಾಸಿ ಜನಾಂಗದ ಇಶಿ, ಸರ್ಜನ್ ಸ್ಯಾಕ್ಸ್ಟನ್ ಪೋಪ್‌ಗೆ ಬಿಲ್ಲುವಿದ್ಯೆ ಕಲಿಸಿದವನು. ಅವನ ಬಿಲ್ಲೂ ಹೆಚ್ಚೂಕಡಿಮೆ ಇಷ್ಟೇ ಬಲದ್ದು, ಮೊನೆ ಅಬ್ಸಿಡಿಯನ್ ಕಲ್ಲಿನದೋ ಬಾಟಲಿ ಗಾಜಿನದೋ. ಅವನು ಹತ್ತಿರ ಹೋಗುತ್ತಿದ್ದ, ಅಷ್ಟೇ. 60 ಪೌಂಡ್ ತೆಗೆದುಕೊಂಡರೆ ಚಳಿಯಲ್ಲಿ ಮರಗಟ್ಟಿದ ಭುಜದಿಂದ ಪೂರ್ತಿ ಎಳೆಯಲಾಗದೆ ಅರ್ಧಕ್ಕೇ ಬಿಡುತ್ತೀರಿ, ಬಾಣ ಮತ್ತೆ ಹಿಂದೆಯೇ ಬೀಳುತ್ತದೆ. ಅದೇ ದುಡ್ಡಿಗೆ ಭಾರದ ಬಾಣ ಮಾಡಿಕೊಳ್ಳಿ. ಪೌಂಡಿಗೆ 10 ಗ್ರೇನ್ ಲೆಕ್ಕದಲ್ಲಿ, ಕೈಗೆ 40 ಬರುವವರಿಗೆ 400 ಗ್ರೇನ್, ಅಂದರೆ ಸುಮಾರು 26 ಗ್ರಾಂ, ಅದಕ್ಕಿಂತ ಹೆಚ್ಚಾದರೂ ಸರಿಯೇ. ಭಾರದ ಬಾಣ ಆಳಕ್ಕೆ ಇಳಿಯುತ್ತದೆ, ಬಿಲ್ಲಿನ ಸದ್ದೂ ತಗ್ಗುತ್ತದೆ.

ಪ್ರಶ್ನೆ: ನನ್ನದು ಲಾಂಗ್‌ಬೋ. ಬಾಣದ ತುದಿಗೆ ಹಾಕುವ ಹೊಸ ಬ್ರಾಡ್‌ಹೆಡ್ ಪ್ಯಾಕೆಟ್‌ನಿಂದ ತೆಗೆದು ನೇರವಾಗಿ ಬಳಸಬಹುದಲ್ಲವೇ? ಅಂಗಡಿಯವರು ತಾಗಿದಾಗ ಬಿಚ್ಚಿಕೊಳ್ಳುವ ಅಲಗಿನದು ಕೊಟ್ಟಿದ್ದಾರೆ. (ಚಿಕಾಗೋ)

ಅದನ್ನು ಅವರಿಗೇ ವಾಪಸ್ ಕೊಡಿ. ಬಿಚ್ಚಿಕೊಳ್ಳುವ ಅಲಗು ಬಿಚ್ಚಲು ಶಕ್ತಿ ತಿನ್ನುತ್ತದೆ, ನಿಮ್ಮ ಲಾಂಗ್‌ಬೋಗೆ ಇರುವುದೇ ಅಷ್ಟು. ಎರಡು ಅಲಗಿನ ಗಟ್ಟಿ ಬ್ರಾಡ್‌ಹೆಡ್ ಸಾಕು. ಪ್ಯಾಕೆಟ್‌ನಿಂದ ಬಂದದ್ದನ್ನೂ ನೀವೇ ಮಸೆಯಬೇಕು: ಮೊದಲು ಅರ, ಆಮೇಲೆ ಸಾಣೆಕಲ್ಲು, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೆ ಎಳೆಯುವುದು. ಮೊಂಡು ಈಳಿಗೆಮಣೆಯಲ್ಲಿ ಹಣ್ಣಾದ ಟೊಮೇಟೊ ಜಾರುವ ಹಾಗೆ ಮೊಂಡು ಅಲಗಿನ ಮುಂದೆ ರಕ್ತನಾಳ ಜಾರಿಕೊಳ್ಳುತ್ತದೆ, ಕತ್ತರಿಸುವುದಿಲ್ಲ. ಪರೀಕ್ಷೆಗೆ ಕೈ ಮೇಲಿನ ಕೂದಲು ಬೋಳಿಸುವ ಶೋಕಿ ಬೇಡ. ರಬ್ಬರ್ ಬ್ಯಾಂಡನ್ನು ಎರಡು ಬೆರಳ ನಡುವೆ ಸಡಿಲವಾಗಿ ಹಿಡಿದು ಅಲಗನ್ನು ಅದರ ಮೇಲೆ ಹಗುರವಾಗಿ ಎಳೆಯಿರಿ. ಒತ್ತದೆಯೇ ತುಂಡಾಗಬೇಕು. ಒತ್ತಬೇಕಾಯಿತೆಂದರೆ ಮತ್ತೆ ಕಲ್ಲಿಗೆ. ಬತ್ತಳಿಕೆಯ ಫೋಮ್‌ಗೆ ಚುಚ್ಚಿ ತೆಗೆದಷ್ಟೂ ಹರಿತ ಹೋಗುತ್ತದೆ, ಇಬ್ಬನಿಗೆ ತುಕ್ಕು ಹಿಡಿಯುತ್ತದೆ. ಅಲಗಿಗೆ ತೆಳುವಾಗಿ ವ್ಯಾಸ್ಲೀನ್ ಸವರಿಡಿ, ವಾರಕ್ಕೊಮ್ಮೆ ರಬ್ಬರ್ ಬ್ಯಾಂಡ್ ಪರೀಕ್ಷೆ ಮತ್ತೆ ಮಾಡಿ.

ಪ್ರಶ್ನೆ: ಬಾಣದ ಮೊನೆಗೆ ಹಚ್ಚುವ ‘ಪಾರಂಪರಿಕ ಗಿಡಮೂಲಿಕೆ ಲೇಪ’ದ ವಿಡಿಯೊ ನೋಡಿದೆ. ಪ್ರಾಣಿಗೆ ನೋವಾಗದೆ ಮಲಗುತ್ತದಂತೆ.

ಹೇಳಿದವನು ಅದನ್ನು ಮಾರುತ್ತಿದ್ದಾನೆ ತಾನೇ? ಯಾವ ಗಿಡ, ಎಷ್ಟು ಪ್ರಮಾಣ, ಮಾಂಸದಲ್ಲಿ ಎಷ್ಟು ಉಳಿಯುತ್ತದೆ ಎಂದು ಅವನಿಗೇ ಗೊತ್ತಿಲ್ಲ. ಅದನ್ನು ಬೇಯಿಸಿ ಮಕ್ಕಳಿಗೆ ಬಡಿಸುವವರು ನೀವು. ವಿಷ ಹಚ್ಚಿದ ಬಾಣ ಇಲ್ಲಿ ಕಾನೂನುಬಾಹಿರವೂ ಹೌದು. ಇಂಥ ಕಳ್ಳ ಪಂಡಿತರನ್ನು ನನಗೆ ಫಾರ್ವರ್ಡ್ ಮಾಡಬೇಡಿ.

ಪ್ರಶ್ನೆ: ಮೈವಾಸನೆ ಮರೆಸುವ ಸ್ಪ್ರೇ ಯಾವುದು ಒಳ್ಳೆಯದು?

ಗಾಳಿ ನೋಡಿ ಕೂತುಕೊಳ್ಳುವುದು. ಬೇಟೆಯ ಹಿಂದಿನ ದಿನ ಇಶಿ ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪು ಸೇದುತ್ತಿರಲಿಲ್ಲ, ಬೆಳಗ್ಗೆ ಹಳ್ಳದಲ್ಲಿ ಸ್ನಾನ ಮಾಡಿ ಪರಿಮಳದ ಸೊಪ್ಪು ಮೈಗೆ ಉಜ್ಜಿಕೊಳ್ಳುತ್ತಿದ್ದ ಎಂದು ಪೋಪ್ ಬರೆದಿಟ್ಟಿದ್ದಾನೆ. ನೀವು ಒಗ್ಗರಣೆ ಹಾಕಿದ ಅಡುಗೆಮನೆಯಲ್ಲೇ ಜಾಕೆಟ್ ನೇತುಹಾಕಿ ಸ್ಪ್ರೇ ಕೇಳುತ್ತೀರಿ.

ಪ್ರಶ್ನೆ: ಪ್ರಾಣಿಯ ಕ್ಷಮೆ ಕೇಳುವ ಮಂತ್ರ ಅಥವಾ ಪೂಜೆ ಇದೆಯೇ? ಗೌರವ ಹೇಗೆ ತೋರಿಸುವುದು? (ಡಾಲಸ್)

ಮಂತ್ರ ನಿಮ್ಮಿಷ್ಟ, ನನ್ನ ಅಭ್ಯಂತರವಿಲ್ಲ. ಆದರೆ ಮಂತ್ರ ಹೇಳುತ್ತಾ ನಿಲ್ಲಬೇಡಿ, ಮಾಂಸ ಬಿಸಿಯಲ್ಲಿ ಕೆಡುತ್ತದೆ. ಕೂಡಲೇ ಹೊಟ್ಟೆ ಸೀಳಿ ಒಳಗಿನದೆಲ್ಲ ತೆಗೆದು ತಣ್ಣಗಾಗಲು ಬಿಡಿ. ಹೃದಯ, ಲಿವರ್, ನಾಲಿಗೆಗಳನ್ನು ಕಾಡಲ್ಲೇ ಎಸೆದು ಬರುವವರಿದ್ದಾರೆ. ಮಟನ್ ಅಂಗಡಿಯಲ್ಲಿ ಲಿವರ್‌ಗೆ ಕ್ಯೂ ನಿಲ್ಲುವವರೂ ಅವರೇ. ನಿಮ್ಮ ಕಡೆ ಜಿಂಕೆಗಳಿಗೆ ಸಿಡಬ್ಲ್ಯುಡಿ ಎಂಬ, ಮಿದುಳನ್ನು ಕೆಡಿಸುವ ರೋಗ ಕಂಡುಬಂದಿದ್ದರೆ ತಲೆಯನ್ನು ಪರೀಕ್ಷೆಗೆ ಕೊಡಿ, ಫಲಿತಾಂಶ ಬರುವವರೆಗೆ ತಿನ್ನಬೇಡಿ. ಫೋಟೊ ತೆಗೆಯುವುದಾದರೆ ಮೊದಲು ಹೊರಗೆ ಬಿದ್ದ ನಾಲಿಗೆ ಒಳಗೆ ಸರಿಸಿ, ಮುಖದ ರಕ್ತ ಒರೆಸಿ. ಅದರ ಬೆನ್ನ ಮೇಲೆ ಕೂತು ಹೆಬ್ಬೆರಳು ಎತ್ತಿದ ಫೋಟೊ ನನಗೆ ಕಳಿಸಿದವರ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ, ಈ ಸಲವೂ ಒಬ್ಬರಿದ್ದಾರೆ. ಬೆಂಗಳೂರಿಗೆ ಹೋದಾಗ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲು ನೋಡಿ ಬನ್ನಿ. 10ನೇ ಶತಮಾನದ್ದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯ ಮೇಲೆ ಬಿದ್ದು ಎರಡೂ ಸತ್ತವು. ನಾಯಿಯ ನೆನಪಿಗೆ ನಿಲ್ಲಿಸಿದ ಆ ಕಲ್ಲಿನಲ್ಲಿ ಶಿಲ್ಪಿ ಹಂದಿಯನ್ನೂ ಬಿಟ್ಟಿಲ್ಲ, ಎದುರುಬದುರು ಕಾದಾಡುತ್ತಿರುವ ಹಾಗೇ ಕಡೆದಿದ್ದಾನೆ.

ಪ್ರಶ್ನೆ: ಟ್ರೀ ಸ್ಟ್ಯಾಂಡ್ (ಮರಕ್ಕೆ ಕಟ್ಟಿದ ಅಟ್ಟಣಿಗೆ) 12 ಅಡಿ ಎತ್ತರದಲ್ಲಿದೆ. ಇಷ್ಟಕ್ಕೆಲ್ಲ ಬೀಳದಂತೆ ಕಟ್ಟಿಕೊಳ್ಳುವ ಹಾರ್ನೆಸ್ ಬೇಕೇ?

ಬೇಕು. ಬೆನ್ನುಮೂಳೆ ಮುರಿಯಲು ಆರಡಿಯೇ ಸಾಕು.

ಪ್ರಶ್ನೆ: ಬಾಣ ಇಲ್ಲದೆ ಹೆದೆ ಎಳೆದು ಬಿಟ್ಟು ಪ್ರಾಕ್ಟೀಸ್ ಮಾಡಬಹುದೇ? ಬಿಲ್ಲಿಗೆ ಹೆದೆ ಏರಿಸಿಯೇ ಕಾರಲ್ಲಿ ಇಟ್ಟಿರುತ್ತೇನೆ, ತೊಂದರೆಯೇ?

ಎಳೆದು ಮೆಲ್ಲಗೆ ವಾಪಸ್ ತರಬಹುದು, ಖಾಲಿ ಬಿಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿಗೇ ಹೊಡೆದು ಅದು ಸೀಳಬಹುದು, ಕಣ್ಣಿನ ಹತ್ತಿರ. ಫೈಬರ್‌ಗ್ಲಾಸ್ ಪದರದ ಬಿಲ್ಲಾದರೆ ಹೆದೆ ಏರಿಸಿಟ್ಟರೂ ನಡೆಯುತ್ತದೆ, ಬರೀ ಮರದ ಬಿಲ್ಲಿಗೆ ನಡೆಯುವುದಿಲ್ಲ. ಕಾರು ಯಾವುದಕ್ಕೂ ಬೇಡ. ಬಿಸಿಲಲ್ಲಿ ನಿಂತ ಕಾರಿನ ಶಾಖಕ್ಕೆ ಪದರಗಳ ಅಂಟು ಬಿಡುತ್ತದೆ. ಆಮೇಲೆ ಕಂಪನಿಯವರು ಮೋಸ ಮಾಡಿದರು ಎಂದು ನನಗೆ ಬರೆಯುತ್ತೀರಿ.