ಕೆಂಪು-ಬಿಳಿ ಬಾವುಟ ಏರಿದಾಗ

ನಾನು ಆಪ್ತಸಲಹೆಗಾರ್ತಿ. ಅಂಕ ಇಳಿದರೆ ಮಕ್ಕಳನ್ನು ನನ್ನ ಹತ್ತಿರ ಕರೆತರುತ್ತಾರೆ. ಆಟ ಕೆಟ್ಟರೂ ಕರೆತರುತ್ತಾರೆ. ಎರಡೂ ಚೆನ್ನಾಗಿದ್ದರೆ ಯಾಕೆ ಬರುತ್ತಾರೆ ಹೇಳಿ? ಆದರೆ ಈಚೆಗೆ ಅಂಥವರೇ ಮೂವರು ಬಂದರು. ಅವರಲ್ಲಿ ಒಬ್ಬಳ ಬಗ್ಗೆ ಬರೆಯುತ್ತಿದ್ದೇನೆ. ಮೊದಲ ಭೇಟಿಯಲ್ಲಿ ತಪ್ಪಿದ್ದು ನಾನೇ, ಅದಕ್ಕೆ.

ಸಿಂಧು ಅನ್ನೋಣ. ಧಾರವಾಡ ಕಡೆಯ ಮನೆತನ, ಅಪ್ಪನ ಕೆಲಸ ಗೋವಾದಲ್ಲಿ. ಹನ್ನೆರಡನೇ ತರಗತಿ, ಕ್ಲಾಸಿಗೆ ಮುಂದು. ಜೊತೆಗೆ ವಿಂಡ್‌ಸರ್ಫಿಂಗ್ ರೇಸಿಗೆ ಇಳಿಯುತ್ತಾಳೆ. ಹಲಗೆಯ ಮೇಲೆ ನಿಂತು, ಹಾಯಿಯನ್ನು ಕೈಯಲ್ಲೇ ಹಿಡಿದು ಓಡಿಸುವ ಆಟ ಅದು. ಒಲಿಂಪಿಕ್ಸ್‌ಗೆ 1984ರಲ್ಲಿ ಬಂತು, ಹೆಂಗಸರಿಗೆ 1992ರಲ್ಲಿ. ನಮ್ಮಲ್ಲಿ ಆಡುವವರು ಕಡಿಮೆ, ಒಬ್ಬರಿಗೊಬ್ಬರು ಗೊತ್ತು. ಹಾಗಾಗಿ ಪದಕ, ವಯಸ್ಸು ಏನೂ ಹೇಳುವುದಿಲ್ಲ. ಕೆಲವು ವಿವರ ಬದಲಿಸಿದ್ದೇನೆ.

"ಎರಡೂ ನಡದಾವ್ರಿ ಮೇಡಂ. ಆದ್ರ ನಗೋದು ಬಿಟ್ಟಾಳ. ಯಾವುದು ಬಿಡಿಸಬೇಕು ಹೇಳ್ರಿ," ಅಂದರು ಅಪ್ಪ.

ನಾನು ಟೈಮ್‌ಟೇಬಲ್ ಬರೆದುಕೊಟ್ಟೆ. ಬೆಳಗ್ಗೆ ಐದಕ್ಕೆ ಕೆಮಿಸ್ಟ್ರಿ. ಸಮುದ್ರದ ಗಾಳಿ ಏಳುವುದು ಮಧ್ಯಾಹ್ನ, ಹಾಗಾಗಿ ಆಗ ನೀರಿಗೆ. ರಾತ್ರಿ ಗಣಿತ. ಅಪ್ಪ ಅದರ ಫೋಟೋ ಹೊಡೆದುಕೊಂಡರು. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ಕೆಲಸ ಮುಗಿಯಿತು ಅಂದುಕೊಂಡೆ.

ಮೂರು ವಾರ ಬಿಟ್ಟು ಅಮ್ಮನ ಜೊತೆ ಬಂದಳು. ಬೆರಳಿನ ಬುಡಕ್ಕೆಲ್ಲ ಬಿಳಿ ಟೇಪು. ಅದರ ಅಂಚಿನಲ್ಲಿ ಸುಲಿದ ಚರ್ಮ. ಮಾತಿಗೆ ಅಂತ ಕೇಳಿದೆ, "ಗಾಳಿ ಕಡಿಮೆ ಇದ್ದ ದಿನ ಆರಾಮ ಅಲ್ವಾ?"

ನಕ್ಕಳು. "ಅವತ್ತ ಜಾಸ್ತಿ ಸಾಕಾಗ್ತದ್ರಿ. ಗಾಳಿ ಇದ್ರ ಹಾಯಿ ತಾನ ಎಳೀತದ. ಇಲ್ಲಂದ್ರ ಪಂಪ್ ಮಾಡಬೇಕು." ಎದ್ದು ನಿಂತು ತೋರಿಸಿದಳು. ಇಡೀ ಮೈ ಹಿಂದಕ್ಕೆ ಹಾಕಿ, ಎರಡೂ ಕೈಯಲ್ಲಿ ಹಾಯಿಯನ್ನು ಬೀಸಣಿಗೆ ಥರ ಎಳೆದೆಳೆದು ಬಿಡುವುದು. ರೇಸು ಮುಗಿಯುವ ತನಕ.

"ಮತ್ತೆ ಆರಾಮ ಯಾವಾಗ?"

ಬಹಳ ಹೊತ್ತು ಸುಮ್ಮನಿದ್ದಳು. "ಎ.ಪಿ. ಏರಿಸಿದಾಗ."

ಎ.ಪಿ. ಅಂದರೆ ಕೆಂಪು-ಬಿಳಿ ಪಟ್ಟೆಯ ಬಾವುಟ. ಅದು ಏರಿತು ಅಂದರೆ ರೇಸು ಮುಂದಕ್ಕೆ ಹೋಯಿತು, ಕಾಯಬೇಕು. ದಡದಲ್ಲಿ ಕೆಲವರು ಮಲಗುತ್ತಾರೆ, ಕೆಲವರು ಹರಟುತ್ತಾರೆ.

"ನಾನು ಫಿಸಿಕ್ಸ್ ಪುಸ್ತಕ ತೊಡಿ ಮ್ಯಾಲೆ ತಗದು ಇಟ್ಕೊಂಡು ಕೂಡ್ತೀನ್ರಿ."

"ಅಲ್ಲೂ ಓದ್ತಾಳ್ರಿ," ಅಂದರು ಅಮ್ಮ. "ಕೋಚ್ ಸೈತ ಹೊಗಳ್ತಾರ."

"ಓದಂಗಿಲ್ಲವ್ವಾ," ಅಂದಳು ಸಿಂಧು. "ಪುಸ್ತಕ ತಗದಿದ್ರ ಯಾರೂ ಮಾತಾಡಸಂಗಿಲ್ಲ. ಹೋದ ವರ್ಷದಿಂದ ಅದ ಪುಟ ಐತಿ."

ಬ್ಯಾಗಿನ ಜಿಪ್ ಎಳೆಯುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು.

ನನ್ನ ಟೈಮ್‌ಟೇಬಲ್ ಕೊಡು ಅಂದೆ. ಮಡಿಕೆ ಬಿಚ್ಚಿರಲೇ ಇಲ್ಲ. ಬಿಚ್ಚಿ ನೋಡಿದೆ. ಒಂದೇ ಒಂದು ಚೌಕವನ್ನೂ ನಾನು ಖಾಲಿ ಬಿಟ್ಟಿರಲಿಲ್ಲ.

ನಿದ್ದೆ, ಊಟ, ಸಾಯಬೇಕು ಅನ್ನಿಸುತ್ತದೆಯಾ, ಎಲ್ಲ ಬಿಡಿಸಿ ಕೇಳಿದೆ. ಅಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ನೇರ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ನಿಮ್ಮ ಮನೆಯಲ್ಲಿ ಆ ಅನುಮಾನವಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಯಾವುದನ್ನೂ ಬಿಡಿಸಬೇಡಿ ಅಂದೆ. ಆಟ ಬಿಡಿಸು ಅನ್ನುವುದು ಸುಲಭ, ನಮ್ಮ ಕಸುಬಿನವರಿಗೂ ಅದೇ ರೂಢಿ. ಆದರೆ ಇವಳಿಗೆ ಎರಡೂ ಬೇರೆ ಬೇರೆ ಅಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಹಲಗೆಯ ಅಡಿಗೆ ರೆಕ್ಕೆಯಂಥ ಫಾಯಿಲ್ ಬಂದಿದೆ, ವೇಗ ಬಂದಾಗ ಹಲಗೆ ನೀರು ಬಿಟ್ಟು ಮೇಲೇಳುತ್ತದೆ. ಯಾಕೆ ಏಳುತ್ತದೆ ಅಂತ ನನ್ನ ಪ್ಯಾಡಿನ ಮೇಲೆ ಬಾಣದ ಗುರುತು ಹಾಕಿ ವಿವರಿಸಿದಳು. ಆಗ ಅವಳ ಮುಖ ನೋಡಬೇಕಿತ್ತು.

ಕೇಳಿಕೊಂಡದ್ದು ಮೂರು. ವಾರಕ್ಕೆ ಎರಡು ಮಧ್ಯಾಹ್ನ ಹಲಗೆಯೂ ಬೇಡ, ಪುಸ್ತಕವೂ ಬೇಡ, "ಏನು ಮಾಡಿದೆ?" ಅನ್ನುವ ಪ್ರಶ್ನೆಯೂ ಬೇಡ. ನೆಂಟರ ಮುಂದೆ "ನಮ್ಮಕಿ ಎರಡೂ ಮಾಡ್ತಾಳ" ಅನ್ನುವುದು ಮೂರು ತಿಂಗಳು ಬಂದ್. ಮತ್ತೆ, ಇಂಜಿನಿಯರಿಂಗ್ ಸೀಟಿನ ಪರೀಕ್ಷೆ ಜೆಇಇ ಮೇನ್, ಜನವರಿಯದು ಬಿಟ್ಟು ಏಪ್ರಿಲ್‌ನದು ಮಾತ್ರ ಬರೆಯಲಿ.

ಅಪ್ಪನಿಗೆ ಸಿಟ್ಟು ಬಂದದ್ದು ಕೊನೆಯದಕ್ಕೆ. "ಎರಡು ಅವಕಾಶದಾಗ ಜಾಸ್ತಿ ಬಂದದ್ದನ್ನ ಹಿಡೀತಾರ. ಒಂದನ್ನ ಯಾಕ ಕಳಕೋಬೇಕ್ರಿ?" ಲೆಕ್ಕ ಸರಿಯಾಗಿಯೇ ಇದೆ. ನನ್ನ ಗೆಳತಿ, ಅವಳೂ ಆಪ್ತಸಲಹೆಗಾರ್ತಿಯೇ, "ಇದು ನಿನ್ನ ವ್ಯಾಪ್ತಿಗೆ ಮೀರಿದ್ದು" ಅಂದಳು. ಇರಬಹುದು. ಆದರೆ ಜನವರಿ ಪರೀಕ್ಷೆ ಇದ್ದರೆ ಡಿಸೆಂಬರ್ ಪೂರ್ತಿ ಅದರದ್ದೇ. ಖಾಲಿ ಮಧ್ಯಾಹ್ನ ಅಂತ ನಾನು ಬರೆದದ್ದು ಹಾಳೆಯ ಮೇಲೇ ಉಳಿಯುತ್ತದೆ, ನನ್ನ ಟೈಮ್‌ಟೇಬಲ್ ಉಳಿದ ಹಾಗೆ. ಖಾಲಿ ಬಿಡಿ ಅಂದರೆ ಏನನ್ನಾದರೂ ಕೈಬಿಡಲೇಬೇಕು. ಪುಕ್ಕಟೆ ಸಿಗುವ ಸಮಯ ಅಂತ ಇಲ್ಲ. ಇದನ್ನು ಇನ್ನೊಬ್ಬ ಅಪ್ಪನಿಗೂ ಹೀಗೇ ಹೇಳುತ್ತೇನೆ.

ಅವರು ಒಪ್ಪಲಿಲ್ಲ. ಸಿಂಧು ಜನವರಿಯದೂ ಬರೆದಳು. ಎರಡು ಮಧ್ಯಾಹ್ನಗಳಲ್ಲಿ ಒಂದು ಉಳಿಯಿತು, ಬುಧವಾರದ್ದು. ಮೊನ್ನೆ ಅಮ್ಮ ಫೋನ್ ಮಾಡಿದ್ದರು. "ಬುಧವಾರ ಆಕಿ ಏನ ಮಾಡ್ತಾಳ ಗೊತ್ತೇನ್ರಿ?" ಅಂತ ಶುರು ಮಾಡಿದರು. ಬೇಡಿ ಅಮ್ಮ, ಹೇಳಬೇಡಿ ಅಂದೆ.