ನಾಲ್ಕು ಮಂದಿಗೆ ಮೂರು ಆಸರೆ

ಗುಳೆ ಹೋಗಿ ಬಂದ ಕುಟುಂಬವೊಂದು ಮನೆ ಕಳೆದುಕೊಂಡು ಆಪ್ತಸಲಹೆಗೆ ಬರುವುದು ರಾಯಚೂರಿನಲ್ಲಿ ನನಗೆ ಹೊಸದಲ್ಲ. ಈ ಪ್ರಕರಣದಲ್ಲಿ ನಾನು ಮೊದಲು ಕೊಟ್ಟ ಸಲಹೆ ತಪ್ಪಾಗಿತ್ತು ಎಂಬ ಕಾರಣಕ್ಕೆ, ಗುರುತು ಸಿಗದಂತೆ ವಿವರ ಬದಲಿಸಿ, ಇದನ್ನು ಬರೆಯುತ್ತಿದ್ದೇನೆ.

ಗಂಡ, ಹೆಂಡತಿ, 13 ವರ್ಷದ ಮಗ, 6 ವರ್ಷದ ಮಗಳು. ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ಗಂಡ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡಾಗ ಕೂಲಿಯೊಂದಿಗೆ ಕೆಲಸದ ಜಾಗದ ಶೆಡ್ಡೂ ಕೈತಪ್ಪಿತು. ಊರಿನಲ್ಲಿ ಹಿರಿಯರ ಮನೆ ಪಾಲಾಗಿ ಇವರಿಗೆ ಕುಸಿದ ಗೋಡೆಯಷ್ಟೇ ಉಳಿದಿತ್ತು. ಕೆಲವು ವಾರ ರೈಲು ನಿಲ್ದಾಣದ ಬಳಿ ಮಲಗಿದ್ದರು.

ಎರಡನೆಯ ಭೇಟಿಯಲ್ಲಿ ನಾನು ಓದಿ ಹೇಳಿದ ಯೋಜನೆ ನಿಯಮಕ್ಕೆ ಸರಿಯಾಗಿಯೇ ಇತ್ತು: ತಾಯಿ, ಮಗಳು ಮಹಿಳೆಯರ ಆಶ್ರಯ ಕೇಂದ್ರಕ್ಕೆ, ಅಲ್ಲಿ ದೊಡ್ಡ ಗಂಡುಮಕ್ಕಳಿಗೆ ಅವಕಾಶವಿಲ್ಲದ್ದರಿಂದ ಮಗ ಬಾಲಕರ ವಸತಿ ನಿಲಯಕ್ಕೆ, ಗಂಡ ರಾತ್ರಿ ಆಶ್ರಯ ತಾಣಕ್ಕೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, "ಅಕ್ಕಾರ, ಮನಿ ಒಂದ ಹೋಗೈತ್ರಿ. ಹಿಂಗ ಹಂಚಿದ್ರ ಸಂಸಾರನೂ ಹೋಗತೈತಿ. ಮತ್ತ ನಮ್ಮನ್ನ ಒಂದ ಕಡೆ ಕೂಡಸವ್ರು ಯಾರ‍್ರಿ?" ಎಂದರು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಗಂಡ, "ನಾ ಹೊರಗ ಮಲಗ್ತೀನ್ರಿ, ಅವ್ರು ಮೂರೂ ಮಂದಿ ಒಂದ ಕಡೆ ಇರ್ಲಿ" ಎಂದರು. ಹೆಂಡತಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂರು ಸಂಸ್ಥೆಗಳ ದಾಖಲೆಯಲ್ಲಿ ಅವರು ಮೂರು ಪ್ರಕರಣಗಳಾಗುತ್ತಿದ್ದರು. ನಾಲ್ವರನ್ನು ಮತ್ತೆ ಕೂಡಿಸುವುದು ಯಾರ ಕೆಲಸವೂ ಆಗಿರಲಿಲ್ಲ.

ಆ ಹಾಳೆಯನ್ನು ಹಿಂತೆಗೆದುಕೊಂಡು, ಒಂದೇ ಕೋಣೆಯಾದರೂ ಸರಿ, ಒಟ್ಟಿಗೇ ಇರಿ ಎಂದು ಸಲಹೆ ಕೊಟ್ಟೆ. ಗಂಡನಿಗೆ ಅಷ್ಟರಲ್ಲಿ ವಾಚ್‌ಮನ್ ಕೆಲಸದ ಜೊತೆಗೆ ಶೆಡ್ ಕೊಡುವ ಮಾತು ಬಂದಿತ್ತು. ಕೆಲಸ ಒಪ್ಪಿಕೊಳ್ಳಿ, ಶೆಡ್ ಬೇಡ ಎಂದೆ, ಏಕೆಂದರೆ ಕೆಲಸಕ್ಕೆ ಕಟ್ಟಿದ ಸೂರು ಹೇಗೆ ಹೋಗುತ್ತದೆಂಬುದನ್ನು ಅವರು ಒಮ್ಮೆ ಅನುಭವಿಸಿದ್ದರು. ತಿಂಗಳ ಬಾಡಿಗೆ ದುಡಿದು ಕಟ್ಟಬಲ್ಲರು, ಅಡ್ವಾನ್ಸ್ ಕಟ್ಟಲಾರರು. ಹೀಗಾಗಿ ಅದನ್ನು ಕಂತಿನಲ್ಲಿ ಪಡೆಯಲು ಮನೆ ಮಾಲೀಕರೊಬ್ಬರನ್ನು ಒಪ್ಪಿಸಿ, ನಾನೇ ಮಾತು ಕೊಟ್ಟೆ. ಸಲಹೆಗಾರರು ಜಾಮೀನು ನಿಲ್ಲಬಾರದೆಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ಅದು ಸರಿಯಾದ ನಿಯಮವೇ, ಆದರೂ ರಾತ್ರಿ ಎಲ್ಲಿ ಮಲಗುವುದೆಂದು ತಿಳಿಯದವರ ಜೊತೆ ಕೂತು ಮನಸ್ಸಿನ ಭಾರದ ಬಗ್ಗೆ ಮಾತಾಡುವುದು ನನ್ನಿಂದಾಗದು. ಗಂಡನಿಗೆ ಕುಡಿತದ ಚಟವಿತ್ತು, ಅದನ್ನು ಬಿಟ್ಟ ಮೇಲೆ ನೆರವು ಎಂಬ ಷರತ್ತನ್ನೂ ನಾನು ಹಾಕಲಿಲ್ಲ.

ವರ್ಗಾವಣೆ ಪತ್ರ ಬರುವುದು ತಡವಾದರೂ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಮಕ್ಕಳನ್ನು ಆ ವಾರವೇ ಸೇರಿಸಿದೆವು.

ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಮಂದಿಗೆ ಸಾಲುವ ಆಶ್ರಯ ತಾಣವಿರಬೇಕೆಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಹೇಳಿತ್ತು. 2011ರ ಜನಗಣತಿಯಲ್ಲೇ ರಾಯಚೂರು ನಗರ ಎರಡು ಲಕ್ಷ ದಾಟಿತ್ತು. ಆದರೆ ಇಂಥವರಿಗೆ ಬೇಕಾದದ್ದು ರಾತ್ರಿಯ ಹಾಸಿಗೆಯಲ್ಲ. ಆರೇಳು ತಿಂಗಳು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ, ಕಾಗದಪತ್ರಕ್ಕೊಂದು ವಿಳಾಸ, ವಾರಕ್ಕೊಮ್ಮೆ ಬಂದು ವಿಚಾರಿಸುವ ಒಬ್ಬರು ಬೇಕು.

ಮೂರನೆಯ ತಿಂಗಳಿಗೆ ಅಡ್ವಾನ್ಸ್ ತೀರಿತು. ಕುಡಿತ ಪೂರ್ತಿ ನಿಂತಿಲ್ಲ. ಆ ಮಾಲೀಕರ ಬಳಿ ಇನ್ನೊಂದು ಖಾಲಿ ಕೋಣೆಯಿಲ್ಲ. ಕಳೆದ ವಾರ ಐವರ ಕುಟುಂಬವೊಂದು ಬಂದಿದೆ, ಅವರಲ್ಲೂ ಹಿರಿಯ ಮಗ ಹದಿಮೂರು ದಾಟಿದ್ದಾನೆ.