ಪ್ರವಾಸೋದ್ಯಮ ಪದವಿಯ ಮೊದಲ ಪತ್ರಿಕೆಯಲ್ಲಿ ಏನು ಕಲಿಸುತ್ತಾರೆ? ಸೇರಬಹುದೇ?

ಮದ್ದೂರು ಕಡೆಯವರಾದ ನೀವು ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿ ಮೈಸೂರಿನಲ್ಲಿ ಪ್ರವಾಸೋದ್ಯಮ ಪದವಿಗೆ ಸೇರಬೇಕೆಂದಿದ್ದೀರಿ. ಮೊದಲ ಸೆಮಿಸ್ಟರ್‌ನಲ್ಲಿ ಬರುವ ‘ಪ್ರವಾಸೋದ್ಯಮ ಮತ್ತು ಆತಿಥ್ಯ ಪರಿಚಯ’ ಪತ್ರಿಕೆಯಲ್ಲಿ ಏನಿರುತ್ತದೆ, ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ ಕಷ್ಟವೇ, ‘ತಟ್ಟೆ ಎತ್ತುವುದಕ್ಕೂ ಡಿಗ್ರಿ ಬೇಕೇ’ ಎನ್ನುವ ತಂದೆಯವರಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ನಾನು ಮೈಸೂರಿನ ಹೋಟೆಲುಗಳ ಫ್ರಂಟ್ ಆಫೀಸಿನಲ್ಲಿ, ಅಂದರೆ ಅತಿಥಿಗಳನ್ನು ಬರಮಾಡಿಕೊಂಡು ಕೊಠಡಿ ಕೊಡುವ ವಿಭಾಗದಲ್ಲಿ, ಬಹುಕಾಲ ಕೆಲಸ ಮಾಡಿ ಈಗ ಇದೇ ಪತ್ರಿಕೆಯನ್ನು ಮೊದಲ ವರ್ಷದವರಿಗೆ ಪಾಠ ಮಾಡುತ್ತಿದ್ದೇನೆ. ಧೈರ್ಯವಾಗಿ ಸೇರಿ ಎಂಬುದು ನನ್ನ ಉತ್ತರ. ಆದರೆ ಈ ಪತ್ರಿಕೆಯನ್ನು ಹೇಗೆ ಓದಬೇಕು ಎಂಬುದನ್ನು ಮೊದಲೇ ತಿಳಿದುಕೊಂಡು ಸೇರಿ.

ಪಠ್ಯಕ್ರಮ ಕಾಲೇಜಿನಿಂದ ಕಾಲೇಜಿಗೆ ಸ್ವಲ್ಪ ಬೇರೆಯಾದರೂ ತಿರುಳು ಒಂದೇ. ಇತಿಹಾಸದಿಂದ ಶುರುವಾಗುತ್ತದೆ: 1841ರ ಜುಲೈ 5ರಂದು ಥಾಮಸ್ ಕುಕ್ ಇಂಗ್ಲೆಂಡಿನ ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು 500 ಜನರನ್ನು ತಲಾ ಒಂದು ಶಿಲ್ಲಿಂಗ್ ಪಡೆದು ವಿಶೇಷ ರೈಲಿನಲ್ಲಿ ಕರೆದೊಯ್ದದ್ದು, ನಮ್ಮಲ್ಲಿ 1966ರಲ್ಲಿ ಕೇಂದ್ರದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ, 1971ರಲ್ಲಿ ರಾಜ್ಯದ ನಿಗಮ ಹುಟ್ಟಿದ್ದು, ಹೀಗೆ. ಆಮೇಲೆ ಆಕರ್ಷಣೆ, ಸಾರಿಗೆ, ವಸತಿ, ಸೌಕರ್ಯ ಎಂಬ ಅಂಗಗಳು. ಹೋಟೆಲಿನ ನಾಲ್ಕು ಮುಖ್ಯ ವಿಭಾಗಗಳು: ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್, ಅಡುಗೆಮನೆ, ಊಟೋಪಚಾರ. ಟ್ರಾವೆಲ್ ಏಜೆಂಟರು, ಗೈಡುಗಳು, ಸ್ಟಾರ್ ದರ್ಜೆ ಕೊಡುವ ಕ್ರಮ. ಪರೀಕ್ಷೆ ಹತ್ತಿರ ಬಂದಾಗ ಮನಸ್ಸಿಟ್ಟು ಓದಿದರೆ ಇವೆಲ್ಲ ಬಾಯಿಗೆ ಬರುತ್ತವೆ, ಹೆದರಬೇಕಾದ್ದು ಏನೂ ಇಲ್ಲ.

ಈ ಪತ್ರಿಕೆಯ ಜೀವ ಇರುವುದು ಎಲ್ಲರೂ ಉರುಹೊಡೆದು ಮುಂದೆ ಹೋಗುವ ಒಂದು ವ್ಯಾಖ್ಯೆಯಲ್ಲಿ. ತನ್ನ ದಿನನಿತ್ಯದ ಪರಿಸರ ಬಿಟ್ಟು ಬೇರೆ ಕಡೆ ಹೋಗಿ, ಕಡೇಪಕ್ಷ ಒಂದು ರಾತ್ರಿ ತಂಗಿ, ಒಂದು ವರ್ಷದೊಳಗೆ ಹಿಂದಿರುಗುವವನು ಪ್ರವಾಸಿ. ಬೆಳಿಗ್ಗೆ ಬಂದು ಸಂಜೆ ಹೋಗುವವನನ್ನು ಲೆಕ್ಕದಲ್ಲಿ ಬೇರೆಯಾಗಿ, ಒಂದೇ ದಿನದ ಸಂದರ್ಶಕ ಎಂದು ಹಿಡಿಯುತ್ತಾರೆ. ರಾತ್ರಿ ತಂಗಿದನೇ, ಇಲ್ಲವೇ? ಇದೊಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನಿಮ್ಮ ಜಿಲ್ಲೆಯನ್ನೇ ನೋಡಿ.

ಕೃಷ್ಣರಾಜಸಾಗರ ಮತ್ತು ಬೃಂದಾವನ ಇರುವುದು ಮಂಡ್ಯ ಜಿಲ್ಲೆಯಲ್ಲಿ. ಶ್ರೀರಂಗಪಟ್ಟಣದ ರಂಗನಾಥಸ್ವಾಮಿ ದೇವಾಲಯ, ದರಿಯಾ ದೌಲತ್, ಗುಂಬಜ್ ಅಲ್ಲಿಯೇ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ರಾಮ್ಸರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಆದ ರಂಗನತಿಟ್ಟು ಅಲ್ಲಿಯೇ. ಮೇಲುಕೋಟೆ, ಶಿವನಸಮುದ್ರದ ಗಗನಚುಕ್ಕಿ ಕೂಡ ಮಂಡ್ಯಕ್ಕೇ ಸೇರಿದ್ದು. ಆದರೂ ಇವನ್ನೆಲ್ಲ ನೋಡಲು ಬಂದವರಲ್ಲಿ ಬಹಳ ಮಂದಿ ಮಂಡ್ಯದಲ್ಲಿ ನೋಡುತ್ತಾರೆ, ಮೈಸೂರಿನಲ್ಲಿ ಮಲಗುತ್ತಾರೆ. ಶ್ರೀರಂಗಪಟ್ಟಣದಲ್ಲಿ ಪ್ಯಾಕೇಜ್ ಬಸ್ಸು ನಿಲ್ಲುವುದನ್ನು ಒಮ್ಮೆ ಗಮನಿಸಿ. ಜನ ಇಳಿಯುತ್ತಾರೆ, ದೇವರ ದರ್ಶನ, ಒಂದು ಎಳನೀರು, ನಾಲ್ಕು ಫೋಟೊ, ಮತ್ತೆ ಹಾರ್ನ್. ಒಂದು ರಾಜ್ಯದ ರಾಜಧಾನಿಯಾಗಿದ್ದ ಊರಿಗೆ ಸಿಗುವುದು ಎಳನೀರಿನ ದುಡ್ಡು ಮತ್ತು ಪಾರ್ಕಿಂಗ್ ದುಡ್ಡು. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೈಸೂರು ಗೆದ್ದದ್ದು ಹೇಗೆ? ಹೋಟೆಲುಗಳ ಸಂಖ್ಯೆಯಿಂದ ಮಾತ್ರವಲ್ಲ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಕತ್ತಲಾದ ಮೇಲೆ ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬುಗಳ ದೀಪಾಲಂಕಾರ. ಅದನ್ನು ನೋಡಬೇಕೆಂದವರು ಸಂಜೆ ನಾಲ್ಕಕ್ಕೆ ಊರು ಬಿಡುವಂತಿಲ್ಲ. ಬೃಂದಾವನದ ಸಂಗೀತ ಕಾರಂಜಿಯೂ ಕತ್ತಲಿನದೇ, ಅದು ಮುಗಿಯುವ ಹೊತ್ತಿಗೆ ಮಕ್ಕಳು ತೂಕಡಿಸುತ್ತಿರುತ್ತವೆ, ಅಪ್ಪಂದಿರು ಮೈಸೂರಿನ ಕಡೆಗೆ ಕಾರು ತಿರುಗಿಸುತ್ತಾರೆ. ಆಕರ್ಷಣೆ ಎಂದಾಗ ಏನಿದೆ ಎಂಬುದು ಎಷ್ಟು ಮುಖ್ಯವೋ, ಅದು ಯಾವ ಹೊತ್ತಿನಲ್ಲಿ ಸಿಗುತ್ತದೆ ಎಂಬುದೂ ಅಷ್ಟೇ ಮುಖ್ಯ. ರಂಗನತಿಟ್ಟಿನಲ್ಲಿ ಹಕ್ಕಿ ನೋಡಲು ಒಳ್ಳೆಯ ಹೊತ್ತು ಬೆಳಗಿನದು. ಬೆಳಗಿನ ದೋಣಿಗೆ ಬರುವವರನ್ನು ಹಿಂದಿನ ರಾತ್ರಿಯೇ ಅಲ್ಲಿಯ ಹಳ್ಳಿಗಳಲ್ಲಿ ಉಳಿಸಿಕೊಳ್ಳಲು ಸಾಧ್ಯವೇ? ನಿಮ್ಮಂಥವರು ಮೂರು ವರ್ಷ ಓದಿ ಉತ್ತರ ಹುಡುಕಬೇಕಾದ ಪ್ರಶ್ನೆ ಇದು.

ಇನ್ನು ದಾರಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದಾಗ ಪ್ರಯಾಣದ ಹೊತ್ತು ಬಹಳ ಇಳಿಯಿತು. ದಾರಿ ಸುಧಾರಿಸಿದರೆ ಪ್ರವಾಸೋದ್ಯಮ ಬೆಳೆಯುತ್ತದೆ ಎಂದು ಪುಸ್ತಕದಲ್ಲಿದೆ, ನಿಜವೂ ಹೌದು. ಆದರೆ ಊರೊಳಗೆ ಬರದೆ ವಾಹನಗಳು ಮೇಲಿಂದ ಮೇಲೆ ಹೋದಾಗ ಹಳೇ ರಸ್ತೆಯ ತಿಂಡಿ ಹೋಟೆಲುಗಳಿಗೆ, ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೆ ಏನಾಯಿತೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ. ಮದ್ದೂರು ವಡೆ ಮಾರುವವರನ್ನೇ ಮಾತನಾಡಿಸಿ, ಹೊಸ ರಸ್ತೆ ಬರುವುದಕ್ಕೆ ಮೊದಲು ಮತ್ತು ಬಂದ ಮೇಲೆ ವ್ಯಾಪಾರ ಹೇಗಿದೆ ಎಂದು ಬರೆದುಕೊಳ್ಳಿ. ಮೊದಲ ಸೆಮಿಸ್ಟರ್‌ನ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಇಲ್ಲ. ಜೊತೆಗೆ ಇನ್ನೊಂದನ್ನೂ ಯೋಚಿಸಿ: ಬೇಗ ಬರಬಹುದಾದ ಊರಿನಿಂದ ಬೇಗ ಹಿಂದಿರುಗಲೂಬಹುದು.

ರಾತ್ರಿ ತಂಗುವುದಕ್ಕೆ ಇಷ್ಟು ಮಹತ್ವ ಏಕೆಂದರೆ, ಕೊಠಡಿ ಎಂಬ ಸರಕನ್ನು ಕೂಡಿಡಲು ಬರುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಸಂಜೆಗೆ ಉಳಿದ ಮಲ್ಲಿಗೆಯನ್ನು ಅರ್ಧ ಬೆಲೆಗಾದರೂ ಕೊಟ್ಟು ಹೋಗಬಹುದು. ಈ ರಾತ್ರಿ ಖಾಲಿ ಉಳಿದ ಕೊಠಡಿಯ ಈ ರಾತ್ರಿಯನ್ನು ನಾಳೆ ಯಾವ ಬೆಲೆಗೂ ಮಾರಲಾಗದು. ದಸರಾದಲ್ಲಿ ದರ ಏರುವುದು, ಮಳೆಗಾಲದ ಮಂಗಳವಾರ ಅದೇ ಕೊಠಡಿ ಅಗ್ಗಕ್ಕೆ ಸಿಗುವುದು, ಬಸ್ ನಿಲ್ದಾಣದ ಹತ್ತಿರದ ಲಾಡ್ಜುಗಳು 24 ಗಂಟೆಯ ಲೆಕ್ಕ ಇಟ್ಟುಕೊಂಡರೆ ದೊಡ್ಡ ಹೋಟೆಲುಗಳು ಮಧ್ಯಾಹ್ನ 12ಕ್ಕೆ ಅಥವಾ ಅದಕ್ಕೂ ಮೊದಲೇ ಕೊಠಡಿ ಬಿಡಿ ಎನ್ನುವುದು, ಎಲ್ಲವೂ ಈ ಒಂದು ಸಂಗತಿಗೆ ಕೊಟ್ಟುಕೊಂಡ ಬೇರೆ ಬೇರೆ ಉತ್ತರಗಳು. ಅತಿಥಿ ಉಳಿದರೆ ಹಾಲಿನವರು, ತರಕಾರಿಯವರು, ಬಟ್ಟೆ ಒಗೆಯುವವರು, ಆಟೊದವರು, ಮರುದಿನದ ಗೈಡು, ಎಲ್ಲರ ಕೈಯಲ್ಲೂ ಆ ದುಡ್ಡು ಓಡಾಡುತ್ತದೆ. ಗುಣಕ ಪರಿಣಾಮ ಎಂಬ ಪಾಠ ಇದೇ. ಹೋಟೆಲಿಗೆ ಬೇಕಾದದ್ದೆಲ್ಲ ಹೊರಗಿನಿಂದಲೇ ಬಂದರೆ, ಲಾಭವೂ ಹೊರಗೇ ಹೋದರೆ, ಅದು ಸೋರಿಕೆ.

ನಿಮ್ಮ ತಂದೆಯವರ ಮಾತಿಗೆ ಬರುತ್ತೇನೆ. ಅವರ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಮಗಳು ಓದಿದ್ದಕ್ಕೆ ತಕ್ಕ ಮರ್ಯಾದೆ ಸಿಗಲಿ ಎಂಬುದೇ ಅವರ ಆಸೆ. ಅವರನ್ನು ಒಮ್ಮೆ ಚಾಮುಂಡಿ ಬೆಟ್ಟದ ತಪ್ಪಲಿನ ಲಲಿತ ಮಹಲ್ ನೋಡಲು ಕರೆದುಕೊಂಡು ಬನ್ನಿ. ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯ್ ಬಂದಾಗ ಉಳಿದುಕೊಳ್ಳಲೆಂದು 1921ರಲ್ಲಿ ಕಟ್ಟಿಸಲು ತೊಡಗಿದ ಅರಮನೆ ಅದು, 1974ರಲ್ಲಿ ಹೋಟೆಲಾಯಿತು. ಅತಿಥಿಯನ್ನು ಇಳಿಸಿಕೊಳ್ಳುವುದನ್ನು ಮೈಸೂರು ಸಂಸ್ಥಾನ ರಾಜ್ಯದ ಕೆಲಸವೆಂದೇ ನಡೆಸಿತ್ತು.

ಕೆಲಸ ಹೇಗಿರುತ್ತದೆ ಎಂಬುದಕ್ಕೆ ಹೌಸ್‌ಕೀಪಿಂಗ್‌ನ ಒಂದು ಕೊಠಡಿಯನ್ನೇ ತೆಗೆದುಕೊಳ್ಳಿ. ಅತಿಥಿ ಬಿಟ್ಟು ಹೋದ ಕೂಡಲೇ ಒಳಗೆ ಬಂದವರು ಪರದೆ ಸರಿಸುತ್ತಾರೆ, ಕಪಾಟು, ಡ್ರಾಯರ್, ಮಂಚದ ಕೆಳಗೆ ನೋಡುತ್ತಾರೆ. ಮರೆತುಹೋದ ಚಾರ್ಜರ್ ಆಗಲಿ, ಚಿನ್ನದ ಓಲೆಯಾಗಲಿ, ದಿನಾಂಕ ಮತ್ತು ಕೊಠಡಿಯ ಸಂಖ್ಯೆಯೊಂದಿಗೆ ರಿಜಿಸ್ಟರಿಗೆ ಹೋಗುತ್ತದೆ. ಹಾಸಿಗೆಯ ಹೊದಿಕೆ ತೆಗೆದು, ಮೂಲೆಯನ್ನು ಲಕೋಟೆಯಂತೆ ಮಡಿಚಿ ಹೊಸದನ್ನು ಬಿಗಿಯಾಗಿ ಸಿಕ್ಕಿಸುತ್ತಾರೆ. ದಿಂಬಿನ ಕವರಿನ ತೆರೆದ ಬಾಯಿ ಬಾಗಿಲಿನಿಂದ ಕಾಣಬಾರದು. ಬಾಗಿಲಿನಿಂದ ಶುರುಮಾಡಿ ಒಂದೇ ದಿಕ್ಕಿನಲ್ಲಿ ಸುತ್ತಿಬಂದು ಧೂಳು ಒರೆಸುತ್ತಾರೆ, ಆಗ ಯಾವ ಮೂಲೆಯೂ ತಪ್ಪುವುದಿಲ್ಲ. ಬಲ್ಲವರು ಕೊನೆಗೆ ಅತಿಥಿ ಮಲಗಿದಾಗ ಕಣ್ಣಿಗೆ ಬೀಳುವ ಕಡೆಗೊಮ್ಮೆ ನೋಡುತ್ತಾರೆ: ಫ್ಯಾನಿನ ರೆಕ್ಕೆಯ ಧೂಳು, ಚಾವಣಿಯ ಜೇಡರ ಬಲೆ. ಇಷ್ಟನ್ನೂ ಮುಂದಿನ ಅತಿಥಿ ಕೌಂಟರಿಗೆ ಬರುವುದರೊಳಗೆ ಮುಗಿಸಬೇಕು. ತಟ್ಟೆ ಎತ್ತುವುದರಲ್ಲೂ ಇಂಥದೇ ಕ್ರಮವಿದೆ, ಅದನ್ನು ಕಲಿತವರೇ ಮುಂದೆ ಒಂದು ಇಡೀ ಹೋಟೆಲನ್ನು ನಡೆಸುತ್ತಾರೆ.

ಇಂಗ್ಲಿಷ್ ಬೇಕು, ಸುಳ್ಳು ಹೇಳುವುದಿಲ್ಲ. ಫ್ರಂಟ್ ಆಫೀಸಿಗೆ ಹಿಂದಿಯೂ ಬೇಕು. ಆದರೆ ಮೊದಲ ದಿನವೇ ಬೇಕಿಲ್ಲ. ಪ್ರತಿಯೊಂದು ಪರಿಕಲ್ಪನೆಯನ್ನೂ ಮೊದಲು ಕನ್ನಡದಲ್ಲಿ ನಿಮ್ಮ ಊರಿನ ಉದಾಹರಣೆಯೊಂದಿಗೆ ಮನಸ್ಸಿಗೆ ತಂದುಕೊಳ್ಳಿ, ಆಮೇಲೆ ಪರೀಕ್ಷೆಗೆ ಬೇಕಾದ ಪದ ಕಲಿಯಿರಿ. ಕನ್ನಡ ಮಾಧ್ಯಮದಿಂದ ಬಂದು ಹೀಗೆ ಓದಿದ ವಿದ್ಯಾರ್ಥಿಗಳು ತರಗತಿಯಲ್ಲಿ ಎಲ್ಲರಿಗಿಂತ ಒಳ್ಳೆಯ ಪ್ರಶ್ನೆ ಕೇಳುವುದನ್ನು ನಾನು ಕಂಡಿದ್ದೇನೆ. ಸೋಮನಾಥಪುರದ ಗುಡಿಯ ಮುಂದೆ ನಿಂತು ಐದು ನಿಮಿಷ ಇಂಗ್ಲಿಷ್‌ನಲ್ಲಿ ವಿವರಿಸುವುದನ್ನು ಅಭ್ಯಾಸ ಮಾಡಿ. ಬೇಲೂರು, ಹಳೇಬೀಡಿನೊಂದಿಗೆ ಅದು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಚೆನ್ನಾಗಿ ವಿವರಿಸಬಲ್ಲ ಗೈಡುಗಳ ಅಗತ್ಯ ಇನ್ನೂ ಹೆಚ್ಚಿದೆ.

ಕಷ್ಟವೂ ಇದೆ. ಜನರಿಗೆ ಹಬ್ಬವಾದಾಗ ನಿಮಗೆ ರಜೆ ಇರುವುದಿಲ್ಲ. ಗಂಟೆಗಟ್ಟಲೆ ನಿಲ್ಲಬೇಕು, ಪಾಳಿ ಬದಲಾಗುತ್ತಿರುತ್ತದೆ, ಆರಂಭದ ಸಂಬಳ ಕಡಿಮೆ. ಇದನ್ನು ಮನೆಯಲ್ಲಿ ಮೊದಲೇ ಹೇಳಿ. ಪ್ರವೇಶ ಪಡೆಯುವ ಮುನ್ನ ಕಾಲೇಜಿಗೆ ಹೋಗಿ, ಕಚೇರಿಯವರ ಜೊತೆಗೆ ಅಂತಿಮ ವರ್ಷದ ವಿದ್ಯಾರ್ಥಿನಿಯರನ್ನೂ ಮಾತನಾಡಿಸಿ. ತರಬೇತಿಗೆ ಯಾವ ಹೋಟೆಲಿಗೆ, ಯಾವ ಟ್ರಾವೆಲ್ ಕಚೇರಿಗೆ ಕಳಿಸಿದರು, ಎಷ್ಟು ತಿಂಗಳು, ಭತ್ಯೆ ಕೊಟ್ಟರೇ, ಎಲ್ಲ ವಿಭಾಗಗಳಲ್ಲೂ ಕೂರಿಸಿ ಕಲಿಸಿದರೇ ಅಥವಾ ಒಂದೇ ಕಡೆ ದುಡಿಸಿಕೊಂಡರೇ, ರಾತ್ರಿ ಪಾಳಿ ಮುಗಿದಾಗ ಮನೆಗೆ ಬಿಡಲು ವಾಹನ ಇತ್ತೇ ಎಂದು ಕೇಳಿ. ಉತ್ತರ ತೃಪ್ತಿಯಾಗದಿದ್ದರೆ ಕಾಲೇಜು ಬದಲಿಸಿ, ವಿಷಯ ಬದಲಿಸಬೇಡಿ.